ಅಣಕಕ್ಕೆ ಸಿಕ್ಕದವರು

ನಮ್ಮ ಕನ್ಸರ್ವೇಟರಿಯಲ್ಲಿ, ಅಂದರೆ ಸಂಗೀತ ವಿದ್ಯಾಲಯದಲ್ಲಿ, ಸ್ಥಾಪನಾ ದಿನದ ಸಂಜೆ ಎಲೆಕೋಸಿನ ಕಡುಬು ತಿಂದು, ವಿದ್ಯಾರ್ಥಿಗಳು ವೇದಿಕೆಯ ಮೇಲೆ ಗುರುಗಳನ್ನು ಅಣಕಿಸುವುದು ರಷ್ಯದ ಚಕ್ರವರ್ತಿಗಳ ಕಾಲದ ವಾಡಿಕೆ. ಕ್ರಾಂತಿಯಾಯಿತು, ಯುದ್ಧದಲ್ಲಿ ಚಾವಣಿಯೇ ಹಾರಿಹೋಯಿತು. ಅಣಕ ಮಾತ್ರ ನಿಲ್ಲಲಿಲ್ಲ. ಅಣಕಕ್ಕೆ ಸಿಕ್ಕದ ಪ್ರೊಫೆಸರ್ ಇದ್ದೂ ಇಲ್ಲದಂತೆ. ಹೊಸಬರಂತೂ ತಮ್ಮ ಸರದಿಗಾಗಿ ಬೆವರುತ್ತ ಕೂರುತ್ತಿದ್ದರು.

ಆ ವರ್ಷ ಪತ್ರಿಕೆಗಳ ತುಂಬ ‘ಬೇರಿಲ್ಲದ ಜನ’ರ ಮೇಲೆ ಬೈಗುಳ. ಯಹೂದಿಗಳನ್ನೇ ಅನ್ನುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಪಿಯಾನೋ ಕಲಿಸುವ ಯಹೂದಿ ಪ್ರೊಫೆಸರ್ ದಿನಾ ಲಾಜರೆವ್ನಾ ಅವರನ್ನು ಕೆಲಸದಿಂದ ತೆಗೆಯಲು ಸೋಮವಾರ ಸಭೆ ಎಂಬ ಸುದ್ದಿಯೂ ಹಬ್ಬಿತ್ತು.

ಅವರ ಶಿಷ್ಯ ಪ್ರೋಖೋರ್ ನಮ್ಮ ಅಣಕುಶೂರ. ಅವನನ್ನು ಉಪನಿರ್ದೇಶಕ ಚೆರ್ನಾಕೋವ್ ಕರೆಸಿ, ಚಹಾ ಕೊಟ್ಟು, ಅವನ ಉನ್ನತ ವ್ಯಾಸಂಗದ ಅರ್ಜಿ ಇನ್ನೂ ತನ್ನ ಮೇಜಿನ ಮೇಲೇ ಇದೆ ಎಂದ. ಸಹಿ ಬೀಳದಿದ್ದರೆ ಪ್ರೋಖೋರ್ ಉರಲ್ ಬೆಟ್ಟಗಳ ಆಚೆಯ ಗಣಿಯೂರಿನಲ್ಲಿ ಪಾಠ ಹೇಳಬೇಕು.

“ದಿನಾ ಲಾಜರೆವ್ನಾ ಅವರನ್ನ ಈ ಸಲ ಬಿಟ್ಬಿಡಪ್ಪ. ಪಾಪ, ವಯಸ್ಸಾಗಿದೆ.”

ಸಂಜೆ ಪ್ರೋಖೋರ್ ಗುಡುಗಿನ ಗಂಟಲಿನ ಕೊಳಲು ಪ್ರೊಫೆಸರಾದ, ಪಿಟೀಲಿಗಿಂತ ತಾನೇ ಹೆಚ್ಚು ಕುಂಯ್‌ಗುಟ್ಟುವ ಪಿಟೀಲು ಪ್ರೊಫೆಸರಾದ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಮುಂದಿನ ಸರದಿ ಪ್ರತಿವರ್ಷ ದಿನಾ ಲಾಜರೆವ್ನಾ ಅವರದು: ಪೆನ್ಸಿಲಿನಿಂದ ಪಿಯಾನೋ ಮುಚ್ಚಳ ಕುಟ್ಟುತ್ತ, “ಮಗೂ, ಪಿಯಾನೋ ನಿಂಗೇನು ತಪ್ಪು ಮಾಡಿತ್ತು?” ಎನ್ನುವುದು. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಕುರ್ಚಿ ಕುಟ್ಟಿದರು. ಇನ್ನೊಬ್ಬರು ಸೇರಿಕೊಂಡರು. ಚೆರ್ನಾಕೋವ್ ತಿರುಗಿ ನೋಡಿದ. ಕುಟ್ಟುವುದು ನಿಂತಿತು.

ಮೂರನೆಯ ಸಾಲಿನಲ್ಲಿ ದಿನಾ ಲಾಜರೆವ್ನಾ ಕನ್ನಡಕ ಸರಿಪಡಿಸಿಕೊಂಡು, ನಗಲು ಸಿದ್ಧರಾಗಿ ಕೂತಿದ್ದರು. ಪ್ರೋಖೋರ್ ನೀರು ಕುಡಿದ. ಆಮೇಲೆ ಗಾಯನದ ಪ್ರೊಫೆಸರಾದ.

ಮುಗಿದ ಮೇಲೆ ಕೋಟುಗಳ ಕೋಣೆಯಲ್ಲಿ ಪ್ರೋಖೋರ್ ಓಡಿಬಂದು ಆಕೆಯ ಕೋಟು ಬಿಡಿಸಿ ಹಿಡಿದ. ಆಕೆ ಒಂದು ತೋಳು ತೂರಿಸಿ, ತಿರುಗದೆಯೇ ಅಂದರು:

“ತ... ತಪ್ಪು ತಿಳ್ಕೋಬೇಡಿ ದಿನಾ ಲಾಜರೆವ್ನಾ, ಟೈಮ್ ಸಾಲ್ಲಿಲ್ಲ.”

ಬಾಯಿ ಆಕೆಯದು, ಧ್ವನಿ ಪ್ರೋಖೋರನದೇ. ಹೆದರಿದಾಗ ಮೊದಲಕ್ಷರದಲ್ಲೇ ಮುಗ್ಗರಿಸುವ ಅದೇ ತೊದಲು. ಪಕ್ಕದಲ್ಲಿ ಕೋಟು ಹುಡುಕುತ್ತಿದ್ದ ನಾನು ತಲೆ ತಗ್ಗಿಸಿದೆ.

“ಸರಿಯಾಗಿ ಬಂತಾ ಮಗೂ?” ಆಕೆ ಈಗ ತಮ್ಮದೇ ದನಿಯಲ್ಲಿ ಕೇಳಿದರು. “ಇಷ್ಟು ವರ್ಷ ನಾನೂ ನಿನ್ನ ಕೇಳಿಸ್ಕೊಳ್ತಾನೇ ಇದ್ದೆ.”

ಪ್ರೋಖೋರ್ ಸಿದ್ಧಮಾಡಿಕೊಂಡಿದ್ದ ಮಾತನ್ನು ಆಕೆ ಆಗಲೇ ಆಡಿ ಮುಗಿಸಿದ್ದರು. ಇನ್ನೊಂದು ತೋಳಿಗಾಗಿ ಆಕೆ ಕೈ ಹಿಂದೆ ಚಾಚಿದರು. ಅವನು ಕೋಟನ್ನು ತೀರಾ ಮೇಲೆ ಹಿಡಿದಿದ್ದರಿಂದ ಅದು ಬೇಗ ಸಿಗಲಿಲ್ಲ.