ಬರಿದೇ ಉರುಳಿದ ಕುರ್ಚಿ

ಕೇದಾರಿ ಕಾಶ್ಮೀರದ ಲಡಾಯಿಯಿಂದ ಜೀವ ಉಳಿಸಿಕೊಂಡು ಬಂದ, ಕಾಲು ಉಳಿಸಿಕೊಂಡು ಬರಲಿಲ್ಲ. ಎರಡೂ ಕಾಲು ಮೈಗೆ ಅಂಟಿಕೊಂಡೇನೋ ಇದ್ದವು, ಆದರೆ ಬೆನ್ನಿಗೆ ಗುಂಡು ಬಿದ್ದ ಮೇಲೆ ಅವು ಬೇರೆ ಯಾರದೋ ಕಾಲುಗಳಾಗಿದ್ದವು. ತಾಯಿ ಸತ್ತೆವ್ವ ಅವನ್ನು ಮುಟ್ಟಿ ಮುಟ್ಟಿ ನೋಡಿ ಗೋಳೋ ಎಂದು ಅತ್ತಳು.

"ಅಳಬ್ಯಾಡ ಯವ್ವಾ, ಹೊಸಾ ಕಾಲ ತಂದೇನಿ," ಎಂದು ಕೇದಾರಿ ಬಾಗಿಲಲ್ಲಿದ್ದ ಗಾಲಿಕುರ್ಚಿ ತೋರಿಸಿದ.

ಪುಣೆಯ ಮಿಲ್ಟ್ರಿ ದವಾಖಾನೆಯವರು ಕೊಟ್ಟ ಕುರ್ಚಿ ಅದು. ಬೆತ್ತದ ಬೆನ್ನು, ಪಕ್ಕಕ್ಕೆ ಎರಡು ದೊಡ್ಡ ಗಾಲಿ. ಕೈಯಿಂದ ಗಾಲಿ ನೂಕಿದರೆ ಆಯಿತು, ಯಾರಿಗೂ 'ನನ್ನ ಒಯ್ಯಿರಿ' ಎನ್ನಬೇಕಿಲ್ಲ. ಮರುದಿನ ಕೇರಿಯಲ್ಲಿ ಇಬ್ಬರು ಹೆಂಗಸರಿಗೆ ಜಗಳ ಹತ್ತಿದಾಗ ನೋಡಲು ಎಲ್ಲರಿಗಿಂತ ಮೊದಲು ಹಾಜರಾದವನು ಕೇದಾರಿಯೇ. ಸತ್ತೆವ್ವ ಬಹಳ ದಿನಗಳ ಮೇಲೆ ಅಂದು ನಕ್ಕಳು.

ಹುಕ್ಕೇರಿ ಪೇಟೆಯಲ್ಲಿ ಸಿಂಪಿಗೇರ ಶಿದ್ರಾಮನ ಅಂಗಡಿಯಿತ್ತು. ಶಿದ್ರಾಮ ಒಂದು ಕಾಲಕ್ಕೆ ಪಲ್ಟಣದ ಬಟ್ಟೆ ಹೊಲಿದವನು. ದವಾಖಾನೆಯಲ್ಲಿ ಕೇದಾರಿ ಹೊಲಿಗೆ ಕಲಿತು ಬಂದ ಸುದ್ದಿ ಕೇಳಿ, ಕೈಮಶೀನೊಂದನ್ನು ಅವನಿಗೆಂದೇ ತೆಗೆದಿಟ್ಟ. ಪೇಟೆ ದೂರವೇನಲ್ಲ, ಅರ್ಧ ಹರದಾರಿ. ಆದರೆ ಕೇರಿಯಿಂದ ಹೊರಬೀಳಲು ಇದ್ದದ್ದು ಒಂದೇ ದಾರಿ, ಅದು ಗೌಡರ ವಾಡೆಯ ಮುಂದೆ ಹಾಯುತ್ತಿತ್ತು.

ಆ ವಾಡೆಯ ಮುಂದೆ ಕೇರಿಯವರು ಯಾರೂ ಕುಳಿತು ಹೋಗುವಂತಿರಲಿಲ್ಲ. ಗಾಡಿಯಲ್ಲಿದ್ದರೆ ಇಳಿಯಬೇಕು, ಕಾಲಲ್ಲಿದ್ದ ಕೆರ ಕೈಗೆ ಬರಬೇಕು. ದಿಲ್ಲಿಯಲ್ಲಿ ಕಾಯದೆ ಬದಲಾಗಿತ್ತಂತೆ. ಆಗಲಿ ಪಾಪ, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕೇದಾರಿಯ ಅಪ್ಪ ಹೊಳೆಪ್ಪ ಹುಡುಗನಿದ್ದಾಗ, ಅವನ ಅಣ್ಣ ಮದುವೆಯ ಗಾಡಿಯಿಂದ ಇಳಿಯುವುದು ತಡವಾಯಿತೆಂದು ವಾಡೆಯವರು ಅವನನ್ನು ಅಲ್ಲಿಯೇ ಎಳೆದು ಹಾಕಿ ಬಡಿದಿದ್ದರು. ಬಾಸಿಂಗ ಮಣ್ಣಿಗೆ ಬಿದ್ದದ್ದು ಹೊಳೆಪ್ಪನ ಕಣ್ಣಿಂದ ಹೋಗಿರಲೇ ಇಲ್ಲ.

ಕೇದಾರಿ ಕೆಲಸಕ್ಕೆ ಹೊರಟ ಮೊದಲ ಮುಂಜಾನೆ, ವಾಡೆ ಕಾಣುತ್ತಲೇ ಹೊಳೆಪ್ಪ ಕುರ್ಚಿಯ ಮುಂದೆ ಬಂದು ಬೆನ್ನು ಬಗ್ಗಿಸಿದ.

"ಹತ್ತು ತಮ್ಮಾ. ಅಷ್ಟ ದೂರ ಹೊತಗೊಂಡ ಹೊಕ್ಕೇನಿ."

"ಯಪ್ಪಾ, ಇಳದ ನಡಿಯಾಕ ಬಂದಿದ್ರ ನನಗ ಈ ಕುರ್ಚಿ ಯಾಕ ಬೇಕಿತ್ತು? ಮಂದಿ ಎದ್ದರ ನಿಂತಂಗ. ನಾ ಇದರಾಗ ಕುಂತ್ರನ ನಿಂತಂಗ."

"ಖರೆ ಐತಿ. ಆದ್ರ ನೀರಾಗಿದ್ದು ಮಸಳಿ ಕೂಡ ಜಗಳ ಬ್ಯಾಡಪಾ."

"ಗೌಡ್ರಿಗೆ ಒಂದ ಮಾತ ಕೇಳಿ ನೋಡ ಯಪ್ಪಾ."

"ಕೇಳೂದಾ?" ಹೊಳೆಪ್ಪ ಹೌಹಾರಿದ. ಕೇಳಿದರೆ ಕೇಳಿದ್ದೇ ಒಂದು ಸೊಕ್ಕು ಆಗುತ್ತದೆ ಎಂಬುದು ಅವನ ಲೆಕ್ಕ. ಸತ್ತೆವ್ವನಿಗೂ ಅಂಜಿಕೆಯೇ.

ಅಂದಿನಿಂದ ಅದೇ ರೂಢಿಯಾಯಿತು. ಮುಂಜಾನೆ ಹೋಗುವಾಗೊಮ್ಮೆ, ಸಂಜೆ ಬರುವಾಗೊಮ್ಮೆ, ಮುದುಕ ಅಪ್ಪ ಬೆಳೆದ ಮಗನನ್ನು ಬೆನ್ನ ಮೇಲೆ ಹೊತ್ತು ಮುಂದೆ ಮುಂದೆ. ತಾಯಿ ಬರಿ ಕುರ್ಚಿ ನೂಕುತ್ತ ಹಿಂದೆ ಹಿಂದೆ. ಮಗನ ಕಾಲು ಅಪ್ಪನ ಮೊಣಕಾಲಿಗೆ ಬಡಿಯುತ್ತಿದ್ದವು. ಗೌಡರು ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಎಲ್ಲ ನೋಡುತ್ತಿದ್ದರು. ಗೌಡರು ಕೆಟ್ಟವರಲ್ಲ ಎಂದು ಊರು ಹೇಳುತ್ತಿತ್ತು, ಇರಬಹುದು; ಬಾವಿಗೆ ಬಿದ್ದ ಎಮ್ಮೆಗೂ ಮರುಗಿದವರಂತೆ. 'ಇರ್ಲಿ ಬಿಡೋ, ಕುಂತ ಹೋಗ್ಲಿ' ಎಂಬ ಒಂದು ಮಾತು ಮಾತ್ರ ಆ ಕೆಂಪು ಬಾಯಿಂದ ಹೊರಬೀಳಲಿಲ್ಲ.

ವಾಡೆ ದಾಟಿ ಬೇವಿನ ಮರದ ಹತ್ತಿರ ಕುರ್ಚಿಗೆ ಇಳಿಸಿದೊಡನೆ ಕೇದಾರಿ ಬೇರೆಯೇ ಮನುಷ್ಯನಾಗುತ್ತಿದ್ದ. ಎರಡೂ ಕೈ ಗಾಲಿಗೆ ಬಿದ್ದವೆಂದರೆ ಧೂಳೆಬ್ಬಿಸಿಕೊಂಡು ಹೋಗಿಯೇಬಿಡುತ್ತಿದ್ದ. ಅವನು ತಿರುವಿನಲ್ಲಿ ಮರೆಯಾಗುವವರೆಗೆ ಸತ್ತೆವ್ವ ನೋಡುತ್ತ ನಿಲ್ಲುವಳು. ದುಡಿದು ತಿನ್ನುವ ಮಗ, ತಾನೇ ಹೋಗುವ ಮಗ! ಅವಳ ಎದೆ ತುಂಬುತ್ತಿತ್ತು. ಹಿಂದೆ ಹೊಳೆಪ್ಪ ಕಲ್ಲಿನ ಮೇಲೆ ಕುಳಿತು ಟೊಂಕ ತಿಕ್ಕಿಕೊಳ್ಳುತ್ತಿದ್ದ. ಅವಳು ಆ ಕಡೆ ಹೆಚ್ಚು ನೋಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಹೊಳೆಪ್ಪನಿಗೆ ದಮ್ಮು ಹತ್ತಿತು. "ಕೇದಾರಿ ಅಪ್ಪಾ, ನಾಕ ದಿನಾ ಮನ್ಯಾಗ ಇರ್ಲಿ ಅವ," ಎಂದು ಸತ್ತೆವ್ವ ಗಂಡನಿಗೆ ಹೇಳಿದ್ದಕ್ಕೆ, "ಮನ್ಯಾಗ ಇಡಾಕ ಅವನೇನ ಗಡಗಿ ಏನ?" ಎಂದು ಬೈದ. ಮಗ ಹೊರಗೆ ಹೋಗಬೇಕೆಂಬ ಆಸೆ ಅವನಿಗೇ ಎಲ್ಲರಿಗಿಂತ ಹೆಚ್ಚು.

ಒಂದು ಸಂಜೆ, ಸರಿಯಾಗಿ ಕಟ್ಟೆಯ ಮುಂದೆ, ಹೊಳೆಪ್ಪನ ಮೊಣಕಾಲು ಮಡಿಚಿದವು. ಅಪ್ಪ ಒಂದು ಕಡೆ, ಮಗ ಒಂದು ಕಡೆ ಉರುಳಿದರು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಕೆಳಗೆ ಒಬ್ಬರೂ ಇಳಿಯಲಿಲ್ಲ. ಇಳಿದರೆ ಮುಟ್ಟಬೇಕಾಗುತ್ತಿತ್ತಲ್ಲ! ಕೇದಾರಿ ಮೊಣಕೈ ಊರಿ ತೆವಳುತ್ತ ಅಪ್ಪನ ಹತ್ತಿರ ಬಂದ.

"ಯವ್ವಾ, ಯಪ್ಪನ್ನ ಕುರ್ಚಿ ಮ್ಯಾಲ ಹಾಕು. ಲಗೂನ!"

ಸತ್ತೆವ್ವ ಗಂಡನನ್ನು ಎತ್ತಿದಳು. ಎಷ್ಟು ಹಗುರಾಗಿದ್ದ! ಇಷ್ಟೇ ಇಷ್ಟು ಮೈ ದಿನಕ್ಕೆರಡು ಬಾರಿ ಆ ಭಾರ ಹೊರುತ್ತಿತ್ತೇ! ಕುರ್ಚಿ ನಾಲ್ಕು ಹೆಜ್ಜೆ ಮುಂದೆ ಹೋಗುವುದರೊಳಗೆ ಹೊಳೆಪ್ಪ ಕಣ್ಣು ತೆರೆದ. ಮೊದಲು ಕಂಡದ್ದು ಕಟ್ಟೆ.

"ಇಳಸ... ಸತ್ತೆವ್ವಾ, ಇಳಸ ನನ್ನ. ಗೌಡ್ರು ಕುಂತಾರ."

ಅವಳು ಇಳಿಸಲಿಲ್ಲ. ನೂಕುತ್ತಲೇ ಹೋದಳು. ಕೇರಿಯ ಮೊದಲ ಮನೆ ಬರುವುದರೊಳಗೆ ಅವನ ಕುತ್ತಿಗೆ ವಾಲಿತು. ಕೇರಿಯವರು ಹೋಗಿ ಎತ್ತಿ ತರುವ ತನಕ ಕೇದಾರಿ ಅದೇ ಧೂಳಿನಲ್ಲಿ ಕುಳಿತಿದ್ದ.

ಹೊಳೆಪ್ಪನ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ಕೇದಾರಿ ಮತ್ತೆ ಪೇಟೆಗೆ ಹೊರಟ. ವಾಡೆ ಹತ್ತಿರ ಬಂದಾಗ ಸತ್ತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಮುಂದೆ ಬಂದು ಬಗ್ಗಿದಳು.

"ಬಾ, ನಾ ಹೊತಗೊಂತೇನಿ."

ಮಗ ತಾಯಿಯ ಬೆನ್ನು ನೋಡಿದ. ರವಿಕೆಯೊಳಗೆ ಎಲುಬು ಎಣಿಸುವಂತಿತ್ತು.

"ಬ್ಯಾಡ ಯವ್ವಾ. ಒಬ್ಬರನ್ನ ಕೊಂದದ್ದ ಸಾಕ. ಬಾಜೂಕ ಸರಿ," ಎಂದು ಗಾಲಿಗೆ ಕೈ ಹಾಕಿದ.

ಅವಳು ಹಿಂದೆ ಓಡಿದಳು. ಬಡಿಗೆ ಬೀಳುತ್ತದೆ, ಈಗ ಬಿದ್ದೇ ಬೀಳುತ್ತದೆ! ಕಟ್ಟೆಯಿಂದ ಯಾರೋ ಕೂಗಿದರು: "ಏ ಕೇದಾರಿ, ಇಳದ ಹೋಗಾಕ ಆಗಂಗಿಲ್ಲೇನ?"

"ಆಗಂಗಿಲ್ರಿ," ಎಂದ ಕೇದಾರಿ, ಗಾಲಿ ನಿಲ್ಲಿಸದೆ.

ಕೂಗಿದವನು ಗೌಡರ ಮುಖ ನೋಡಿದ. ಗೌಡರು ಎಲೆಯಡಿಕೆ ಉಗಿದರು, ಏನೂ ಅನ್ನಲಿಲ್ಲ. ಹೊಳೆಪ್ಪ ಹೊತ್ತು ಒಯ್ಯುವಾಗಲೂ ಅವರು ಏನೂ ಅಂದಿರಲಿಲ್ಲ.

ಬೇವಿನ ಮರ ಬಂತು. ಕೇದಾರಿ ಕೈ ಬಿಟ್ಟು ಉಸಿರು ಹಾಕಿದ. "ದಾಟಿದ್ವಿ ಯವ್ವಾ."

ಸತ್ತೆವ್ವ ಹಿಂದಿರುಗಿ ನೋಡಿದಳು. ವಾಡೆಯ ಈ ಮೂಲೆಯಿಂದ ಆ ಮೂಲೆ. ಬಾಯಿಗೆ ಹಾಕಿದ ಎಲೆ ನುರಿಯುವಷ್ಟರಲ್ಲಿ ಅದು ಮುಗಿದಿತ್ತು. ಅವಳಿಗೆ ಸಂತೋಷವಾಗಲಿಲ್ಲ. ನಿಂತಲ್ಲೇ ಕುಸಿದು ಕುಳಿತು, ನೆಲಕ್ಕೆ ಕೈ ಬಡಿಯುತ್ತ, ಕಟ್ಟೆಯವರಿಗೆಲ್ಲ ಕೇಳುವಂತೆ ಅತ್ತಳು.

"ಇಷ್ಟೇ ಇತ್ತೇನೋ ತಮ್ಮಾ? ಇಷ್ಟೇ ಇತ್ತೇನ ದಾರಿ?"