ಉಸಿರಿಗೆ ತಕ್ಕ ನಡಿಗೆ

"ಮಾತಾಡಿ," ಎಂದಳು ಬುರುಲ್.

"ಏನ್ ಮಾತಾಡ್ಲಿ ಮುದುಕಿ? ಇದ್ದದ್ದೆಲ್ಲ ನಿನ್ನೇನೇ ಮುಗೀತು."

"ಏನಾದ್ರೂ. ಮಾತಾಡ್ತಾನೇ ನಡೀಬೇಕು. ಉಸಿರು ಸಾಲ್ದೆ ಮಾತು ಕಟ್ಟಿದ್ರೆ ಕೂತ್ಕೋಬೇಕು. ಡಾಕ್ಟರಮ್ಮ ನಿಮ್ಮೆದುರಿಗೇ ಹೇಳ್ಲಿಲ್ವಾ?"

ಕಾಲುವೆಯ ಏರಿಯ ಮೇಲೆ, ಪಾಪ್ಲರ್ ಮರಗಳ ನೆರಳಿನಲ್ಲಿ ಅವಳ ಗಂಡ ಸೂರನ್‌ಬಾಯ್ ನಿಧಾನವಾಗಿ ಹೆಜ್ಜೆಯಿಡುತ್ತಿದ್ದ. ಕೈಯಲ್ಲಿ ಕುದುರೆಯ ಹಗ್ಗ. ಕುದುರೆ ಮನೆಯಲ್ಲೇ ಇತ್ತು. ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಬಿದ್ದು, ಆಸ್ಪತ್ರೆಯಿಂದ ಬದುಕಿ ಬಂದವನಿಗೆ ದಿನವೂ ನಡೆಯಬೇಕೆಂದು ಅಪ್ಪಣೆಯಾಗಿತ್ತು. ಆದರೆ ಕೆಲಸವಿಲ್ಲದೆ ನಡೆಯುವ ಮುದುಕನನ್ನು ಈ ಕಣಿವೆ ಕಂಡಿರಲಿಲ್ಲ. ಹಾದಿಯಲ್ಲಿ ಕಂಡವರೆಲ್ಲ ಕಾರು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು ವಂದಿಸಿ, ಹತ್ತಿಸಿಕೊಂಡು ಮನೆ ಮುಟ್ಟಿಸಿಬಿಡುತ್ತಿದ್ದರು. ಹಿರಿಯನನ್ನು ಕಾಲ್ನಡಿಗೆಗೆ ಬಿಟ್ಟರೆ ಊರಿಗೇ ಅವಮಾನ! ಅದಕ್ಕೇ ಈ ಹಗ್ಗ. ತಪ್ಪಿಸಿಕೊಂಡ ಕುದುರೆಯನ್ನು ಹುಡುಕುತ್ತಿದ್ದಾನೆ ಎಂದುಕೊಳ್ಳಲಿ.

"ಕುದುರೆ ಇನ್ನೂ ಸಿಕ್ಲಿಲ್ವಾ ತಾತಾ?" ಹೊಲದಿಂದ ಒಬ್ಬ ಕೂಗಿದ.

"ಸಿಕ್ಕಿದ್ದು ಈ ಮುದಿ ಹೆಣ್ಣುಕುದುರೆ ಒಂದೇ ಕಣಪ್ಪ. ತಗೊಳ್ತೀಯಾ?"

ಬುರುಲ್ ಮುಖ ಆಚೆ ತಿರುಗಿಸಿ ನಕ್ಕಳು.

ಇಡೀ ಸಂಸಾರದಲ್ಲಿ ಅವನು ಅವಳೊಡನೆ ಆಡಿದ್ದು ಚಹಾ ಕೊಡು, ಬಾಗಿಲು ಹಾಕು, ಕುರಿ ಬಂದ್ವಾ, ಇಷ್ಟೇ. ಗಂಡಸು ಹೆಂಡತಿಯ ಹತ್ತಿರ ಹೆಚ್ಚು ಮಾತಾಡಿದರೆ ಹಗುರಾಗುತ್ತಾನೆ ಎಂದು ಅವನ ಅಪ್ಪ ಕಲಿಸಿದ್ದ, ಅಪ್ಪನಿಗೆ ಅವನಪ್ಪ. ಈಗ ಬದುಕಬೇಕಾದರೆ ಮಾತಾಡಲೇಬೇಕಿತ್ತು. ಹವೆ, ಹುಲ್ಲು, ಕುರಿ ಎಲ್ಲ ಮುಗಿದ ಮೇಲೆ ಬೇರೆ ದಾರಿ ಕಾಣದೆ ಅವನು ತನ್ನನ್ನೇ ಬಿಚ್ಚತೊಡಗಿದ. ಅವಳು ಹಾಲು ಕರೆಯುತ್ತ ಹಾಡುತ್ತಿದ್ದಾಗ ತಾನು ಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆ ಎಂದ.

"ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ."

ಗಂಡನ ಎದೆಗಾಗಿ ನಡೆಯುತ್ತಿದ್ದಾಳೋ, ಈ ಮಾತಿಗಾಗಿಯೋ, ಬುರುಲಳಿಗೇ ತಿಳಿಯದಾಗಿತ್ತು.

ಕಾಲುವೆಗೆ ಹಿಮದ ನೀರು ಇಳಿದ ವಾರ, ಮೇಲಿನ ಹಳ್ಳಿಯಿಂದ ಸೂರನ್‌ಬಾಯನ ಅಣ್ಣನ ಮಗ ಎಸೆನ್ ಬಂದು ಬಾಗಿಲಲ್ಲೇ ನಿಂತ.

"ಅಪ್ಪ ಹೋದ್ರು, ಚಿಕ್ಕಪ್ಪ."

ಸತ್ತವರ ಮನೆಗೆ ಇಲ್ಲಿ ಗಂಡಸರು ಸುಮ್ಮನೆ ಹೋಗುವುದಿಲ್ಲ. ದೂರದಲ್ಲೇ ಇಳಿದು, ಸತ್ತವರನ್ನು ಕರೆದು ಗಂಟಲು ಹರಿಯುವಂತೆ ಗೋಳಿಡುತ್ತ ಓಡಬೇಕು. ಕಾರಿನಲ್ಲಿ ಬುರುಲ್ ಗಂಡನ ತೋಳು ಬಿಡಲಿಲ್ಲ.

"ನೀವು ಓಡ್ಬೇಡಿ. ಕಾಲುವೆ ಹತ್ರ ನಡೆಯೋ ಹಾಗೆ ಬನ್ನಿ. ಮನಸ್ಸಲ್ಲೇ ಅಳಿ."

"ಒಡಹುಟ್ಟಿದವನ ಮನೆಗೆ ವಾಕಿಂಗ್ ಹೋಗ್ಲಾ? ಜನ ಮುಖಕ್ಕೆ ಉಗೀತಾರೆ."

"ಉಗೀಲಿ. ಒರೆಸ್ಕೋಬಹುದು."

"ಆಯ್ತು. ಎಲ್ಲರ ಹಿಂದೆ ಬರ್ತೀನಿ."

ಆದರೆ ಹಿರಿಯನನ್ನು ಹಿಂದೆ ಬಿಡುವವರು ಯಾರು? ಅಂಗಳದಲ್ಲಿ ಹೆಣವಿಟ್ಟ ಉಣ್ಣೆಯ ಡೇರೆ ಕಾಣುತ್ತಲೇ ಎಸೆನ್ ಒಂದು ತೋಳು ಹಿಡಿದ, ಇನ್ನೊಬ್ಬ ಮತ್ತೊಂದು. "ಮುಂದೆ ಬನ್ನಿ ಚಿಕ್ಕಪ್ಪ, ನೀವಿರುವಾಗ ನಾವು ಮುಂದೆ ಹೋಗೋದಾ?" ಗೌರವ ಅವನನ್ನು ಎರಡೂ ಕಡೆಯಿಂದ ಎಳೆದುಕೊಂಡು ಹೊರಟಿತು. ಬುರುಲ್ ಕೂಗುವಷ್ಟರಲ್ಲಿ ಹೆಂಗಸರು ಅವಳನ್ನು ಡೇರೆಯೊಳಗೆ ಕರೆದೊಯ್ದರು.

ಒಳಗೆ ಹೆಂಗಸರು ಬಾಗಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಶೋಕದ ಹಾಡು ಹಾಡಬೇಕು. ಬುರುಲ್ ಬಾಯಿ ಆಡಿಸುತ್ತಿದ್ದಳು, ಕಿವಿ ಹೊರಗಿತ್ತು. ಅಷ್ಟು ಗಂಡಸರ ಗೋಳಿನಲ್ಲೂ ಆ ದನಿ ಅವಳಿಗೆ ಗೊತ್ತಾಯಿತು. "ಅಣ್ಣಾ, ನನ್ನ ಬೆನ್ನಿಗಿದ್ದ ಬೆಟ್ಟವೇ, ಎಲ್ಲಿ ಹೋದೆ!" ಮೊದಲು ಇಡೀ ಸಾಲು ಕೇಳಿಸಿತು. ಆಮೇಲೆ ಅರ್ಧ. ಆಮೇಲೆ ಬರೀ "ಅಣ್ಣಾ".

ಅವಳು ಏಳಹೋದಳು. ಪಕ್ಕದಲ್ಲಿದ್ದ ಓರಗಿತ್ತಿ, ಸತ್ತವನ ಹೆಂಡತಿ ಕುಲ್ಬಾರಾ, ಅವಳ ಅಂಗಿ ಹಿಡಿದು ಜಗ್ಗಿದಳು.

"ಕೂತ್ಕೋ. ನನ್ನ ಯಜಮಾನ್ರು ಸತ್ತಿದ್ದಾರೆ. ನಿನ್ನ ಯಜಮಾನ್ರು ಅಳ್ತಿದ್ದಾರೆ, ಅಷ್ಟೇ ತಾನೇ?"

ಆ ಮಾತಿಗೆ ಬುರುಲ್ ಕುಳಿತಳು. ನಾಚಿಕೆಯಿಂದ ಕುಳಿತಳು. ಒಂದು ಹಾಡು ಪೂರ್ತಿ ಹಾಡಿದಳು. ಹಾಡು ಮುಗಿದಾಗ ಹೊರಗಿನ ದನಿಗಳಲ್ಲಿ ಆ ಒಂದು ದನಿ ಇರಲಿಲ್ಲ.

ಅವಳು ಹೊರಗೋಡಿ ಬಂದಾಗ ಸೂರನ್‌ಬಾಯ್ ಡೇರೆಯ ಗೋಡೆಗೊರಗಿ ನೆಲದ ಮೇಲಿದ್ದ. ಗದ್ದ ಎದೆಗೆ ತಾಗಿತ್ತು. ಸುತ್ತ ಗಂಡಸರು ತಲೆ ತಗ್ಗಿಸಿ ನಿಂತಿದ್ದರು.

"ಅಣ್ಣ ಅಂದ್ರೆ ಪ್ರಾಣ ಇವರಿಗೆ," ಎಂದ ಒಬ್ಬ, ಮೆಚ್ಚಿಗೆಯಿಂದ. "ಮುಟ್ಬೇಡಿ. ಮನಸಾರೆ ಅಳ್ಲಿ."

ಬುರುಲ್ ಮೊಣಕಾಲೂರಿ ಅವನ ಮುಖವನ್ನು ಎತ್ತಿದಳು. ಉಸಿರು ಅವಳ ಅಂಗೈಗೆ ತಾಗಲಿಲ್ಲ. ಕೈಬಿಟ್ಟರೆ ಅದು ಮತ್ತೆ ಬಾಗಿತು.

ಅಷ್ಟರಲ್ಲಿ ರಸ್ತೆಯಲ್ಲಿ ಇನ್ನೊಂದು ಗುಂಪು ಇಳಿದು ಗೋಳಿಡತೊಡಗಿತು. ಬಂದವರನ್ನು ಎದುರುಗೊಳ್ಳಲು ಗಂಡಸರೆಲ್ಲ ಆ ಕಡೆ ತಿರುಗಿ ಸಾಲಾಗಿ ನಿಂತರು, ಒಳಗೆ ಹಾಡು ಮತ್ತೆ ಶುರುವಾಯಿತು. ಬುರುಲ್ ಗಂಡನ ಸೊಂಟಕ್ಕೆ ಯಾರೋ ಕಟ್ಟಿದ್ದ ಶೋಕದ ಪಟ್ಟಿಯನ್ನು ಸಡಿಲಿಸಲು ನೋಡಿದಳು. ಗಂಟು ಬಿಗಿಯಾಗಿತ್ತು. ಬಗ್ಗಿ, ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.