ಹಕ್ಕಿ ಸಾಕಿದ್ದೀರಾ?

ಗಂಡಸರು ಅವಳ ಗಂಡನ ಶವವಿದ್ದ ಜನಾಜಾವನ್ನು ಹೆಗಲಿಗೇರಿಸಿಕೊಂಡು, ಓಡುನಡಿಗೆಯಲ್ಲಿ ಗಲ್ಲಿಯ ತಿರುವು ದಾಟಿದ ಮೇಲೂ ಹೊಸಿಯತ್ ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದಳು.

"ಅತ್ತಿಗೆ, ಒಂಚೂರು ಅಳಿ. ನೋಡಿದೋರು ಏನಂದ್ಕೋತಾರೆ?" ಎಂದು ನಾದಿನಿ ಮುಕರ್ರಮಾ ತೋಳು ಹಿಡಿದು ಒಳಗೆ ಕರೆತಂದಳು. ಹೊಸಿಯತ್‌ಗೆ ಅಳು ಬರಲಿಲ್ಲ. ಯಾರೋ ಕೈಗಿಟ್ಟ ಚಹಾದ ಬಟ್ಟಲು ಬಿಸಿಯೋ ತಣ್ಣಗೋ ಅದೂ ತಿಳಿಯಲಿಲ್ಲ.

ಖುಜಂದ್ ಪಟ್ಟಣದ ಆ ಗಲ್ಲಿಯ ಹೆಂಗಸರೆಲ್ಲ ಸಾವಿನ ಮನೆಗೆಂದೇ ಉಡುವ ನೀಲಿ ಬಟ್ಟೆಯುಟ್ಟು ಸೇರಿದ್ದರು. ಅಳು ಕೊಂಚ ಇಳಿದಾಗಲೆಲ್ಲ ಮಾತು ಏಳುತ್ತಿತ್ತು.

"ಪಾಪ, ಇಸ್ರೋಫಿಲಣ್ಣ! ಮೂವತ್ತು ವರ್ಷ ಬಸ್ ಓಡಿಸಿದ್ರು, ಒಂದು ಸಿಗರೇಟು ಸೇದಿದೋರಲ್ಲ. ಮೊದಲು ಕ್ಷಯ ಅಂತ ಮಾತ್ರೆ ನುಂಗಿಸಿದ್ರು. ಆಮೇಲೆ ಕ್ಯಾನ್ಸರೇನೋ ಅಂದ್ರು, ಅದೂ ಅಲ್ವಂತೆ."

"ಮತ್ತೇನಂತೆ?"

"ಸ್ಕ್ಯಾನಲ್ಲಿ ಶ್ವಾಸಕೋಶದ ತುಂಬ ಮಂಜು ಕವಿದ ಹಾಗಿದೆ, ಯಾಕೋ ಗೊತ್ತಿಲ್ಲ ಅಂದ್ರಂತೆ."

"ಅಷ್ಟು ಹೇಳೋಕೆ ಡಾಕ್ಟರೇ ಬೇಕಾ? ನಮ್ಮನೆ ಕತ್ತೆನೂ ಹೇಳತ್ತೆ!"

ಬಾಗಿಲಲ್ಲಿ ಡಾಕ್ಟರ್ ಸರ್ವಿನೋಜ್ ನಿಂತಿದ್ದಳು. ಮಾತು ಕಿವಿಗೆ ಬಿದ್ದಿತ್ತು. ಅವಳು ನೇರ ಬಂದು ಹೊಸಿಯತ್‌ಳನ್ನು ತಬ್ಬಿಕೊಂಡಳು.

"ಕ್ಷಮಿಸಿಬಿಡಿ ಅಮ್ಮ. ಇವತ್ತು ಬೆಳಿಗ್ಗೆನೂ ಅವರ ಸ್ಕ್ಯಾನ್ ತೆಗೆದು ನೋಡಿದೆ. ಏನೋ ಒಂದು ನನ್ನ ಕಣ್ತಪ್ಪಿಹೋಗಿದೆ."

*

ಎರಡು ವರ್ಷದ ಹಿಂದೆ ಇದೇ ಡಾಕ್ಟರು ಒಂದೊಂದಾಗಿ ಕೇಳಿದ್ದಳು. ಗಣಿಯಲ್ಲಿ ದುಡಿದಿದ್ದೀರಾ? ಹತ್ತಿ ಗಿರಣಿಯಲ್ಲಿ? ಮನೆಯಲ್ಲಿ ಹಕ್ಕಿ ಸಾಕಿದ್ದೀರಾ?

"ಇಲ್ಲ," ಎಂದಿದ್ದ ಇಸ್ರೋಫಿಲ್, ಕಣ್ಣು ಮಿಟುಕಿಸದೆ.

ಸ್ಕ್ಯಾನಿನ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದ ಹೊಸಿಯತ್ ಬಾಯಿ ಬಿಡಲಿಲ್ಲ.

ಬೀದಿಗೆ ಬಂದ ಮೇಲೆ ಕೇಳಿದಳು, "ಯಾಕೆ ಹಾಗಂದ್ರಿ?"

"ಹೌದು ಅಂದ್ರೆ ಪಾರಿವಾಳ ಎಲ್ಲ ಕೊಟ್ಟುಬಿಡು ಅಂತಾಳೆ ಕಣೇ. ಆಮೇಲೆ ಬೆಳಗಾದ್ರೆ ನಾನು ಯಾಕೆ ಏಳಲಿ?"

"ನಾನಿಲ್ವಾ?"

"ನೀನು ಹಾರಲ್ವಲ್ಲ," ಎಂದು ನಕ್ಕಿದ್ದ. ಆ ನಗು ಕೆಮ್ಮಾಗಿ, ಬಸ್ ನಿಲ್ದಾಣ ಬರುವವರೆಗೂ ನಿಂತಿರಲಿಲ್ಲ.

*

"ನಿಮ್ಮ ಕಣ್ತಪ್ಪಿಲ್ಲ ಡಾಕ್ಟರಮ್ಮ," ಎಂದಳು ಹೊಸಿಯತ್. "ನೀವು ಕೇಳಿದ್ರಿ. ನಾವು ಸುಳ್ಳು ಹೇಳಿದ್ವಿ. ಬನ್ನಿ."

ಅಂಗಳಕ್ಕೆ ಕರೆದುಕೊಂಡು ಹೋಗಿ ಮಾಳಿಗೆಯ ಕಡೆ ತೋರಿಸಿದಳು. ತಂತಿಬಲೆಯ ಗೂಡಿನಲ್ಲಿ ನಲವತ್ತು ಪಾರಿವಾಳಗಳಿದ್ದವು. ಒಂದು ರೆಕ್ಕೆ ಕೊಡವಿದಾಗ ಬಿಸಿಲಲ್ಲಿ ಬಿಳಿಯ ಹುಡಿ ಎದ್ದಿತು.

ಸರ್ವಿನೋಜ್ ಆ ಹುಡಿಯನ್ನೇ ನೋಡುತ್ತ, "ಇದೇ ಹುಡಿ ಅವರ ಶ್ವಾಸಕೋಶ ತಿಂದಿದ್ದು," ಎಂದಳು. "ಎಷ್ಟು ವರ್ಷದಿಂದ?"

"ನಮ್ಮ ಮದುವೆಗೂ ಮುಂಚಿಂದ."

"ಆಗಲೇ ಹೇಳಿದ್ರೆ..." ಎಂದವಳು ತುಟಿ ಕಚ್ಚಿಕೊಂಡಳು. ಈಗ ಬೈಯುತ್ತಾಳೆ ಎಂದು ಹೊಸಿಯತ್ ಕಾದಳು. ಬೈದರೆ ತನಗೆ ಏನಾದರೂ ಅನ್ನಿಸಬಹುದೇನೋ ಎಂದೂ ಕಾದಳು. ಡಾಕ್ಟರು ಬೈಯಲಿಲ್ಲ.

"ಅವರಿಗೆ ಏಣಿ ಹತ್ತೋಕೆ ಆಗ್ತಿರಲಿಲ್ಲ ಅಲ್ವಾ? ಗೂಡು ಗುಡಿಸ್ತಿದ್ದಿದ್ದು ಯಾರು?"

"ನಾನೇ," ಎನ್ನುವಷ್ಟರಲ್ಲಿ ಹೊಸಿಯತ್‌ಗೆ ಕೆಮ್ಮು ಬಂತು. ಒಣಗೆಮ್ಮು. ಗೋಡೆ ಹಿಡಿದುಕೊಂಡಳು.

"ಈ ಕೆಮ್ಮು ಯಾವಾಗಿಂದ?"

ಏನಿಲ್ಲ, ಧೂಳು ಎನ್ನಲು ಬಾಯಿ ತೆರೆದಳು. "ಚಳಿಗಾಲದಿಂದ," ಎಂದಳು.

ಒಳಗೆ ಹೆಂಗಸರು ಮತ್ತೆ ಅಳಲು ಶುರುಮಾಡಿದ್ದರು. ಸರ್ವಿನೋಜ್ ಅವರತ್ತ ಕೈಯೆತ್ತಿ, "ಒಂದು ನಿಮಿಷ ಎಲ್ಲರೂ ಸುಮ್ಮನಿರಿ," ಎಂದು ಕೂಗಿದಳು. ಅಳು ಥಟ್ಟನೆ ನಿಂತಿತು. ಅವಳು ತುಸು ಬಾಗಿ, ಹೊಸಿಯತ್‌ಳ ಬೆನ್ನಿನ ನೀಲಿ ಬಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು.

"ಜೋರಾಗಿ ಉಸಿರೆಳೀರಿ ಅಮ್ಮ."